ಬೀಗವೇ ಕೆಟ್ಟಿದ್ದರೆ ಕೀಲಿಕೈ ಏನು ಮಾಡೀತು?

“ಡಾಕ್ಟ್ರೇ, ಕ್ಲಾಸಿಗೆಲ್ಲ ಇವನೇ ಕುಳ್ಳ. ಎತ್ತರ ಬೆಳೆಯೋ ಇಂಜೆಕ್ಷನ್ ಬಂದಿದೆಯಂತಲ್ಲ, ಬರೆದುಕೊಡಿ.” ಹೀಗೆ ಕೇಳುವ ತಾಯಂದಿರು ಆಗಾಗ ಬರುತ್ತಾರೆ. ಪಕ್ಕದಲ್ಲಿ ಹುಡುಗ ತಲೆ ತಗ್ಗಿಸಿ ಕುಳಿತಿರುತ್ತಾನೆ. ಇಂಜೆಕ್ಷನ್ ಇರುವುದು ನಿಜ. ಆದರೆ ಅದು ಯಾರಿಗೆ ಬೇಕು ಎಂಬುದನ್ನು ಮೊದಲು ತಿಳಿಯಬೇಕು.

ಬೆಳವಣಿಗೆಯ ಹಾರ್ಮೋನು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಲ್ಲಿ ತಯಾರಾಗುತ್ತದೆ. ಅದು ರಕ್ತದಲ್ಲಿದ್ದರೆ ಸಾಲದು. ಜೀವಕೋಶಗಳ ಮೇಲಿನ ‘ಗ್ರಾಹಕ’ಗಳು ಅದನ್ನು ಹಿಡಿದುಕೊಳ್ಳಬೇಕು. ಹಾರ್ಮೋನು ಕೀಲಿಕೈಯಾದರೆ ಗ್ರಾಹಕ ಬೀಗವಿದ್ದಂತೆ. ಆ ಬೀಗದ ನಕ್ಷೆ ತಂದೆ ತಾಯಿಗಳಿಂದ ಬರುವ ವಂಶವಾಹಿಯಲ್ಲಿ, ಅಂದರೆ ಜೀನಿನಲ್ಲಿರುತ್ತದೆ.

ನಕ್ಷೆಯೇ ತಪ್ಪಾಗಿದ್ದರೆ? ಇಸ್ರೇಲಿನ ವೈದ್ಯ ಜ್ವಿ ಲ್ಯಾರನ್ ಮತ್ತು ಸಂಗಡಿಗರು 1966ರಲ್ಲಿ ಇಂಥ ಮಕ್ಕಳ ಬಗ್ಗೆ ಬರೆದರು. ರಕ್ತದಲ್ಲಿ ಹಾರ್ಮೋನು ಬೇಕಾದಷ್ಟಿದೆ, ಮಕ್ಕಳು ಮಾತ್ರ ಬೆಳೆಯುತ್ತಿಲ್ಲ! ದೋಷ ಗ್ರಾಹಕದ ಜೀನಿನಲ್ಲಿದೆ ಎಂಬುದು 1989ರಲ್ಲಿ ಖಚಿತವಾಯಿತು. ಇವರಿಗೆ ಬೆಳವಣಿಗೆಯ ಹಾರ್ಮೋನು ಚುಚ್ಚಿದರೆ ಪ್ರಯೋಜನವಿಲ್ಲ. ಆ ಹಾರ್ಮೋನಿನ ಅಪ್ಪಣೆಯಂತೆ ಯಕೃತ್ತು ತಯಾರಿಸಬೇಕಿದ್ದ ಐಜಿಎಫ್-1 ಎಂಬ ವಸ್ತುವನ್ನೇ ಚಿಕ್ಕಂದಿನಲ್ಲಿ ಕೊಡಬೇಕಾಗುತ್ತದೆ. ತಂದೆ, ತಾಯಿ ಇಬ್ಬರಿಂದಲೂ ಕೆಟ್ಟ ಜೀನು ಬಂದಾಗ ಈ ತೊಂದರೆ ಕಾಣಿಸಿಕೊಳ್ಳುವುದರಿಂದ ರಕ್ತಸಂಬಂಧದ ಮದುವೆಗಳಲ್ಲಿ ಇದರ ಸಂಭವ ಹೆಚ್ಚು. ಸೋದರಮಾವನಿಗೇ ಹೆಣ್ಣು ಕೊಡುವ ರೂಢಿಯಿರುವ ನಾವು ಇದನ್ನು ಮರೆಯಬಾರದು.

ಕಥೆ ಇಲ್ಲಿಗೇ ಮುಗಿಯಲಿಲ್ಲ. ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶದಲ್ಲಿ ಇಂಥವರು ಸಾಕಷ್ಟು ಮಂದಿ ಇದ್ದಾರೆ. ಅಲ್ಲಿನ ವೈದ್ಯ ಹೈಮೆ ಗೆವಾರಾ ಅಗಿರ್ರೆ ಮತ್ತು ಸಂಗಡಿಗರು 99 ಮಂದಿಯನ್ನು 22 ವರ್ಷ ಗಮನಿಸಿ 2011ರಲ್ಲಿ ವರದಿ ಪ್ರಕಟಿಸಿದರು. ಅವರಲ್ಲಿ ಒಬ್ಬರಿಗೂ ಸಕ್ಕರೆ ಕಾಯಿಲೆ ಇರಲಿಲ್ಲ. ಕ್ಯಾನ್ಸರ್ ಬಂದದ್ದು ಒಬ್ಬರಿಗೆ ಮಾತ್ರ, ಅದೂ ಮಾರಕವಾಗಲಿಲ್ಲ. ಸಾಮಾನ್ಯ ಎತ್ತರದ ಅವರ ಬಂಧುಗಳಲ್ಲಿ ಶೇ. 17 ಮಂದಿಗೆ ಕ್ಯಾನ್ಸರ್, ಶೇ. 5 ಮಂದಿಗೆ ಸಕ್ಕರೆ ಕಾಯಿಲೆ ಕಂಡುಬಂದಿತ್ತು. ಹಾಗೆಂದು ಕುಳ್ಳಗಿದ್ದವರು ಹೆಚ್ಚು ಕಾಲ ಬದುಕಿದರೆಂದಲ್ಲ. ಅಪಘಾತ, ಮದ್ಯಪಾನ ಮುಂತಾದವು ಹಲವರನ್ನು ಬಲಿ ತೆಗೆದುಕೊಂಡಿದ್ದವು.

ಹಾರ್ಮೋನು ಇಂಜೆಕ್ಷನ್ ತೆಗೆದುಕೊಂಡವರಿಗೆಲ್ಲ ಕ್ಯಾನ್ಸರ್ ಬರುತ್ತದೆ ಎಂದು ಯಾರೂ ಹೆದರಬೇಕಿಲ್ಲ. ಹಾರ್ಮೋನಿನ ಕೊರತೆಯಿರುವ ಮಗುವಿಗೆ ಅದು ವರದಾನವೇ ಸರಿ. ಆದರೆ ಎತ್ತರ ಹೆಚ್ಚಿಸುವ ಹಾರ್ಮೋನು ದೇಹದಲ್ಲಿ ಅದೊಂದೇ ಕೆಲಸ ಮಾಡುವುದಿಲ್ಲ. ಆರೋಗ್ಯವಂತ ಮಗುವಿಗೆ, ನೆರೆಮನೆಯ ಹುಡುಗ ಎತ್ತರವಿದ್ದಾನೆಂಬ ಕಾರಣಕ್ಕೆ, ಇದನ್ನು ಕೊಡಿಸುವುದು ತಪ್ಪು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಹಾಗಾದರೆ ನೀವೇನು ಮಾಡಬೇಕು? ಆರು ತಿಂಗಳಿಗೊಮ್ಮೆ ಮಗುವಿನ ಎತ್ತರ ಅಳೆದು, ತಾರೀಖಿನ ಸಮೇತ ಬರೆದಿಡಿ. ನಾಲ್ಕು ವರ್ಷ ದಾಟಿದ, ಇನ್ನೂ ಪ್ರಾಯಕ್ಕೆ ಬಾರದ ಮಗು ವರ್ಷಕ್ಕೆ 5 ಸೆಂಟಿಮೀಟರಿಗಿಂತ ಕಡಿಮೆ ಬೆಳೆಯುತ್ತಿದ್ದರೆ ವೈದ್ಯರಿಗೆ ತೋರಿಸಿ. ಥೈರಾಯ್ಡ್ ಕೊರತೆ, ಅಪೌಷ್ಟಿಕತೆ, ದೀರ್ಘಕಾಲದ ಕಾಯಿಲೆಗಳಿಗೆ ಚಿಕಿತ್ಸೆಯಿದೆ. ತಡ ಮಾಡಬೇಡಿ, ಮೂಳೆಗಳ ತುದಿ ಕೂಡಿಕೊಂಡ ಮೇಲೆ ಯಾವ ಇಂಜೆಕ್ಷನ್ನೂ, ಯಾವ ಡಬ್ಬಿಯ ಪುಡಿಯೂ ಎತ್ತರ ಹೆಚ್ಚಿಸದು.

ಅಪ್ಪ ಅಮ್ಮ ಕುಳ್ಳಗಿದ್ದು, ಮಗು ತನ್ನ ಗತಿಯಲ್ಲಿ ಬೆಳೆಯುತ್ತಿದ್ದರೆ ಔಷಧ ಬೇಡ. ಬಂಧುಬಳಗದ ಎದುರು ಅವನನ್ನು ‘ಕುಳ್ಳ’ ಎನ್ನುವುದನ್ನು ನಿಲ್ಲಿಸಿ. ಅಷ್ಟಾದರೆ ಆ ಹುಡುಗ ತಲೆಯೆತ್ತಿ ಕೂರುತ್ತಾನೆ.