ಬ್ಯಾಟಿನ ಹೆಡ್‌ಮಾಸ್ಟರು, ಖಾಲಿ ಕುರ್ಚಿಯ ಶಾಲೆ

2006ರ ಫೆಬ್ರುವರಿ ಕೊನೆಗೆ ಬರ್ಲಿನ್ನಿನ ನಾಯ್ಕೋಲ್ನ್ ಪ್ರದೇಶದ ರೂಟ್ಲಿ ಶಾಲೆಯ ಶಿಕ್ಷಕರು ಸರ್ಕಾರಕ್ಕೆ ಒಂದು ಕಾಗದ ಬರೆದರು. ಮಕ್ಕಳು ಬಾಗಿಲು ಒದ್ದು ಮುರಿಯುತ್ತಾರೆ, ಕಸದ ಬುಟ್ಟಿಯೇ ಫುಟ್‌ಬಾಲು, ಒಳಗೇ ಪಟಾಕಿ. ಗೋಡೆಗೆ ತೂಗಿದ ಚಿತ್ರಗಳೂ ಉಳಿದಿಲ್ಲ. ಕೆಲವು ತರಗತಿಗಳಿಗೆ ಮೊಬೈಲ್ ಹಿಡಿಯದೆ ಹೋಗಲು ಶಿಕ್ಷಕರಿಗೇ ಭಯ. ಸಹಾಯಕ್ಕೆ ಯಾರನ್ನಾದರೂ ಕರೆಯಬೇಕಾದರೆ? ಇಂಥ ಶಾಲೆಯನ್ನು ಮುಚ್ಚಿ, ಬೇರೆ ಬಗೆಯದನ್ನು ಕಟ್ಟಿ ಎಂದು ಅವರು ಕೇಳಿದ್ದರು.

ತಿಂಗಳ ನಂತರ ಕಾಗದ ಪತ್ರಿಕೆಗಳ ಕೈಸೇರಿತು. ಗೇಟಿನ ಮುಂದೆ ಕ್ಯಾಮೆರಾಗಳು, ಪೊಲೀಸರು. ಪಟಾಕಿಯ ಸುದ್ದಿಯನ್ನು ಜರ್ಮನಿಯೆಲ್ಲ ಓದಿತು. ಹೆಚ್ಚು ಜನರ ಕಣ್ಣಿಗೆ ಬೀಳದ ಸಂಗತಿ ಬೇರೆಯಿತ್ತು: ಕಾಗದಕ್ಕೆ ಸಹಿ ಹಾಕಿದವರು ಪ್ರಭಾರ ಮುಖ್ಯಸ್ಥೆ. ಶೇ 80ಕ್ಕೂ ಹೆಚ್ಚು ಮಕ್ಕಳು ವಲಸಿಗರ ಮನೆಯವರಾಗಿದ್ದ ಆ ಶಾಲೆಗೆ ಕಾಯಂ ಮುಖ್ಯಸ್ಥರೇ ಇರಲಿಲ್ಲ.

‘ಪ್ರಭಾರ’ ಎಂಬ ಪದವನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ.

ಇಂಥ ಕಡೆ ಗಟ್ಟಿ ಕೈಯವರೇ ಬೇಕು ಎಂಬ ಮಾತು ಎಲ್ಲ ಊರಲ್ಲೂ ಇದೆ. ಅದರ ಪರಮಾವಧಿ ಅಮೆರಿಕದ ಜೋ ಕ್ಲಾರ್ಕ್. 1982ರಲ್ಲಿ ನ್ಯೂಜೆರ್ಸಿಯ ಪ್ಯಾಟರ್ಸನ್‌ನಲ್ಲಿ ಈಸ್ಟ್‌ಸೈಡ್ ಹೈಸ್ಕೂಲಿನ ಪ್ರಿನ್ಸಿಪಾಲರಾದ ಅವರು ಒಂದೇ ದಿನ 300 ವಿದ್ಯಾರ್ಥಿಗಳನ್ನು ಹೊರಹಾಕಿದರು. ಮಾದಕವಸ್ತು ಮಾರುವವರು ಒಳಬಾರದಂತೆ ಬಾಗಿಲಿಗೆ ಸರಪಳಿ ಬಿಗಿದರು. ಬೆಂಕಿ ಬಿದ್ದರೆ ಮಕ್ಕಳು ಎಲ್ಲಿಂದ ಓಡಬೇಕು ಎಂಬ ತಕರಾರು ಎದ್ದಿತು. 1988ರಲ್ಲಿ ಬೇಸ್‌ಬಾಲ್ ಬ್ಯಾಟು ಹಿಡಿದ ಅವರ ಚಿತ್ರ ‘ಟೈಮ್’ ಪತ್ರಿಕೆಯ ಮುಖಪುಟಕ್ಕೆ ಬಂತು, ಮರುವರ್ಷ ಅವರ ಮೇಲೆ ಸಿನಿಮಾವೇ ಬಂತು. ಕಾರಿಡಾರುಗಳು ಶಾಂತವಾದದ್ದು ಸುಳ್ಳಲ್ಲ. ಆದರೆ ಆ 300 ಮಕ್ಕಳು ಹೋದದ್ದು ಅದೇ ಬೀದಿಗಳಿಗೆ ತಾನೆ? 1989ರಲ್ಲಿ ಕ್ಲಾರ್ಕ್ ಹೊರಟರು. 1991ರಲ್ಲಿ ಪ್ಯಾಟರ್ಸನ್ನಿನ ಶಾಲಾ ಆಡಳಿತವನ್ನೇ ರಾಜ್ಯ ಸರ್ಕಾರ ಕೈಗೆ ತೆಗೆದುಕೊಂಡಿತು. ಅದಕ್ಕೆ ಅವರೊಬ್ಬರೇ ಹೊಣೆಯಲ್ಲ, ನಿಜ. ಅವರೊಬ್ಬರಿಂದ ಅದು ತಪ್ಪುವಂತೆಯೂ ಇರಲಿಲ್ಲ.

ರೂಟ್ಲಿಯವರು ಹಿಡಿದ ದಾರಿ ಸಿನಿಮಾಕ್ಕೆ ಒಗ್ಗುವಂಥದ್ದಲ್ಲ. ಹೆಸರು ಕೆಟ್ಟ ಶಾಲೆಯ ಮಕ್ಕಳು ಅದೇ ಹೆಸರನ್ನು ಟೀ ಶರ್ಟ್ ಮೇಲೆ ಅಚ್ಚು ಹಾಕಿ ಮಾರಿದರು. ಅಕ್ಕಪಕ್ಕದ ಎರಡು ಶಾಲೆಗಳನ್ನು ಇದರ ಜೊತೆ ಸೇರಿಸಿದರು. ಅವುಗಳಲ್ಲಿ ಒಂದರ ಮುಖ್ಯಸ್ಥೆಯಾಗಿದ್ದ ಕೊರ್ಡುಲಾ ಹೆಕ್‌ಮನ್ 2009ರಲ್ಲಿ ಹೊಸ ಶಾಲೆಯ ಚುಕ್ಕಾಣಿ ಹಿಡಿದು ವರ್ಷಗಟ್ಟಲೆ ಅಲ್ಲೇ ನಿಂತರು. ಶಿಶುವಿಹಾರ, ಪೋಷಕರ ಕೇಂದ್ರ, ಯುವಕರ ಕ್ಲಬ್ಬು ಒಂದೇ ಬೀದಿಯಲ್ಲಿ ಕೂಡಿಕೊಂಡವು. ದುಡ್ಡೂ ಕೋಟಿಗಟ್ಟಲೆ ಸುರಿಯಿತು, ಅದನ್ನು ಮರೆಮಾಚುವುದು ಬೇಡ. 2014ರಲ್ಲಿ ಅಲ್ಲಿಂದ ಮೊದಲ ತಂಡ ವಿಶ್ವವಿದ್ಯಾಲಯದ ಪ್ರವೇಶಕ್ಕೆ ಬೇಕಾದ ಅಬಿಟೂರ್ ಪರೀಕ್ಷೆ ಮುಗಿಸಿ ಹೊರಬಂತು. ಕಾಗದ ಬರೆದು ಆಗಲೇ ಎಂಟು ವರ್ಷ.

ಹಾಗೆ ವರ್ಷಗಟ್ಟಲೆ ಒಂದೇ ಕಡೆ ಇರಲು ನಮ್ಮಲ್ಲಿ ಯಾವ ಹೆಡ್‌ಮಾಸ್ಟರಿಗೆ ಬಿಟ್ಟಾರು? ಕೊಳೆಗೇರಿ ಪಕ್ಕದ ಸರ್ಕಾರಿ ಶಾಲೆಯ ಮುಖ್ಯಶಿಕ್ಷಕರು ಬೆಳಿಗ್ಗೆ ಮೊಟ್ಟೆ ಎಣಿಸಬೇಕು, ಹಾಲಿನ ಪುಡಿಯ ಲೆಕ್ಕ ಬರೆಯಬೇಕು, ಮಕ್ಕಳ ದಾಖಲೆ ಇಡುವ ತಂತ್ರಾಂಶ ಸ್ಯಾಟ್ಸ್‌ನಲ್ಲಿ ಮಾಹಿತಿ ತುಂಬಬೇಕು, ನಡುವೆ ಪಾಠವನ್ನೂ ಮಾಡಬೇಕು. ಮೂರು ದಿನದಿಂದ ಬಾರದ ಹುಡುಗನ ಮನೆಗೆ ಹೋಗುವುದು ಸಂಜೆ, ಸ್ವಂತ ಸ್ಕೂಟರಿನಲ್ಲಿ. ಅಂಥ ಶಾಲೆಗಳಿಗಾದರೂ ಇಲಾಖೆ ಮೊದಲು ಪ್ರಭಾರ ತೆಗೆದು ಕಾಯಂ ಮುಖ್ಯಶಿಕ್ಷಕರನ್ನು ಕೊಡಲಿ, ಕನಿಷ್ಠ ಐದು ವರ್ಷ ಅವರನ್ನು ಕದಲಿಸದಿರಲಿ, ಮೊಟ್ಟೆ ಲೆಕ್ಕಕ್ಕೆ ಒಬ್ಬ ಗುಮಾಸ್ತರನ್ನು ಕಳಿಸಲಿ.