ಕರ್ ಕರ್ ಚಪ್ಪಲಿ, ಕಡೇ ಬಸ್ಸು

ಚಿತ್ರಪ್ರೇಮಿ ದೋಸ್ತರೇ, ಈ ವಾರ ವಿಮರ್ಶೆ ಇಲ್ಲ, ಗಾಸಿಪ್ಪೂ ಇಲ್ಲ. ಒಂದು ಕತಿ ಅದ. ಕತಿಗೆ ಕಾಸಿಲ್ಲ, ಗಾಂಧಿನಗರದ ಯಾವ ನಿರ್ಮಾಪಕರಾದರೂ ಎತ್ತಿಕೊಂಡು ಹೋಗಬಹುದು. ಶರತ್ತು ಒಂದೇ: ನಾಯಕಿ ಎಲ್ಲಿ ಅಂತ ಕೇಳಬಾರದು.

ಸಿಂಡರೆಲ್ಲಾ ನಿಮಗೆಲ್ಲ ಗೊತ್ತು. 1697ರಲ್ಲಿ ಫ್ರಾನ್ಸಿನ ಪೆರೋ ಎಂಬ ಮಹಾಶಯ ಆ ಕತೆ ಅಚ್ಚು ಹಾಕಿಸಿ, ಅವಳ ಕಾಲಿಗೆ ಗಾಜಿನ ಜೋಡು ತೊಡಿಸಿದ. ಗಾಜಿನ ಜೋಡು ಮೆಟ್ಟಿಕೊಂಡು ಚಿಕ್ಕೋಡಿ ಬಸ್‌ಸ್ಟ್ಯಾಂಡಿನಾಗ ಓಡಿ ನೋಡ್ರಿ, ಮರುದಿನ ಕಾಲಿಗೆ ಹೊಲಿಗಿ! ನಮ್ಮ ಕಡೆ ಅಥಣಿ ಚಪ್ಪಲಿನೇ ಸೈ. ಹೆಸರು ಕೊಲ್ಹಾಪುರಿ ಇರಬಹುದು. ಆದರೆ 2019ರಲ್ಲಿ ಅದಕ್ಕೆ ಜಿ.ಐ. ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಕರ್ನಾಟಕದ ನಾಲ್ಕು ಜಿಲ್ಲೆಗಳಿಗೂ ಪಾಲು ಬಂತು, ನಮ್ಮ ಬೆಳಗಾವಿ ಅದರಲ್ಲೊಂದು. 2025ರಲ್ಲಿ ಇಟಲಿಯ ಪ್ರಾಡಾ ಕಂಪನಿ ಅಂಥದೇ ಚಪ್ಪಲಿಯನ್ನು ಮಿಲಾನಿನ ಷೋದಲ್ಲಿ ಮೆರೆಸಿ, ಊರ ಹೆಸರು ಹೇಳದ್ದಕ್ಕೆ ಬೈಸಿಕೊಂಡಿತು. ಅಂದಮೇಲೆ ನಮ್ಮ ನಾಯಕನ ಕಾಲಿಗೆ ಬೇರೆ ಏನು ಬೇಕು?

ಇನ್ನು ಸಿಂಡರೆಲ್ಲಾಗೆ ನಮ್ಮಲ್ಲೇ ಒಬ್ಬ ಅಕ್ಕ ಇದ್ದಾಳೆ, ಹಂಚಿ ಅಂತ. 1950ರ ದಶಕದಲ್ಲಿ ಬೆಳಗಾವಿಯಲ್ಲಿ ಮೇಷ್ಟ್ರಾಗಿದ್ದ ಎ.ಕೆ. ರಾಮಾನುಜನ್ ಈ ಕನ್ನಡ ಕತೆಯನ್ನು ಹೊರಗಿನ ಜಗತ್ತಿಗೆ ಮುಟ್ಟಿಸಿದರು. ಸ್ವಂತ ಅಣ್ಣನ ಕೆಟ್ಟ ಕಣ್ಣಿನಿಂದ ಮಗಳನ್ನು ಉಳಿಸಲು ತಾಯಿ ಮಣ್ಣಿನ ಮುಖವಾಡ ಮಾಡಿಸಿ ತೊಡಿಸುತ್ತಾಳೆ. ಹಂಚಿನ ಮುಖದವಳು, ಅದಕ್ಕೇ ಹಂಚಿ. ನನಗೆ ಜೋಡಿಗಿಂತ ಈ ಹಂಚೇ ದೊಡ್ಡದಾಗಿ ಕಂಡಿತು. ಅಲ್ಲಿಂದ ಹುಟ್ಟಿದ್ದು ನನ್ನ ಕತೆ. ಸ್ಟಾರ್ಟ್, ಕ್ಯಾಮರಾ!

ರಾಯಬಾಗದಾಗ ಒಬ್ಬ ಹುಡುಗ, ಹಂಚ್ಯಾ ಅನ್ನೋಣ. ಅವನ ಕಣ್ಣು ಹುಡುಗಿಯರ ಕಡೆ ಹರಿಯೋದಿಲ್ಲ ಅಂತ ಮೊದಲು ತಿಳಿದದ್ದು ಅವ್ವಗ. ಹೆದರಿದಳು. ಹಂಚಿನ ಮುಖ ಮಾಡಿಸಿ ಕಟ್ಟಿದಳು. “ಇದನ್ನ ತಗೀಬ್ಯಾಡ ಮಗನ, ಮಂದಿ ನೆಟ್ಟಗಿಲ್ಲ.” ಏನು ಹಂಚು ಅಂತೀರಿ! ದೋಸ್ತರು ನಕ್ಕರೆ ನಗುತ್ತಿತ್ತು, ಹುಡುಗಿ ಕಂಡರೆ ಸಿಳ್ಳೆ ಹಾಕುತ್ತಿತ್ತು. ರಾಜ್ಯ ಪ್ರಶಸ್ತಿ ಕೊಡಬೇಕು, ಅಂಥ ಆ್ಯಕ್ಟಿಂಗು.

ಇಪ್ಪತ್ತೆರಡು ತುಂಬಿದಾಗ ಅಥಣಿಯ ಒಬ್ಬ ಮುದುಕ ಒಂಬತ್ತನೇ ನಂಬರಿನ ಚಪ್ಪಲಿ ಕಟ್ಟಿಕೊಟ್ಟ. ಕರ್ ಕರ್ ಅಂತ ನಾಲ್ಕು ಓಣಿಗೆ ಕೇಳುವ ಚಪ್ಪಲಿ. “ಮುಖ ಸುಳ್ಳ ಹೇಳಿದರೂ ಕಾಲು ಹೇಳೂದಿಲ್ಲ ತಮ್ಮಾ. ಹೋಗು, ಪಿಚ್ಚರ್ ನೋಡು. ಆದರ ಒಂಬತ್ತೂವರಿ ಬಸ್ಸು ತಪ್ಪಸಬ್ಯಾಡ, ಅದ ಕಡೇದು.”

ಚಿಕ್ಕೋಡಿ ಟಾಕೀಜು. ದೀಪ ಆರಿತು. ಕತ್ತಲಲ್ಲಿ ಯಾರು ನೋಡ್ತಾರೆ ಅಂತ ಹಂಚ್ಯಾ ಮುಖವಾಡ ಬಿಚ್ಚಿ ತೊಡೆ ಮೇಲಿಟ್ಟುಕೊಂಡ. ಪಕ್ಕದ ಸೀಟಿನಲ್ಲಿ ನಿಪ್ಪಾಣಿ ತಂಬಾಕು ವ್ಯಾಪಾರಿಯ ಮಗ ಚಂದ್ರು, ಏಳು ಕಡೆ ಹೆಣ್ಣು ನೋಡಿ, ಏಳು ಕಡೆ ಅವಲಕ್ಕಿ ತಿಂದು, ಏಳು ಕಡೆಯೂ ‘ಯೋಚನೆ ಮಾಡಿ ಹೇಳ್ತೀನಿ’ ಅಂದವನು. ಇಬ್ಬರೂ ಒಂದೇ ಜೋಕಿಗೆ ನಕ್ಕರು. ಒಂದೇ ಪೊಟ್ಟಣದ ಶೇಂಗಾ ತಿಂದರು. ಇಂಟರ್ವಲ್ಲಿಗೆ ದೀಪ ಹತ್ತಿದಾಗ ಚಂದ್ರು ತಿರುಗಿ ನೋಡಿದರೆ ಬರೀ ಹಂಚು! ದೀಪ ಆರಿದ ಮೇಲೆ ಮತ್ತೆ ಅದೇ ನಗು. ಕ್ಲೈಮ್ಯಾಕ್ಸಿನ ಫೈಟಿಂಗ್ ಶುರುವಾಗುವಷ್ಟರಲ್ಲಿ ಒಂಬತ್ತೂಕಾಲು. ಹಂಚ್ಯಾ ಎದ್ದು ಓಡಿದ, ಬಾಗಿಲ ಬಳಿ ಒಂದು ಚಪ್ಪಲಿ ಕಳಚಿ ಬಿತ್ತು.

ಮರುದಿನದಿಂದ ಚಂದ್ರು ಚಪ್ಪಲಿ ಹಿಡಿದು ಊರೂರು ಸುತ್ತಿದ. ನಿಪ್ಪಾಣಿ ಆಯಿತು, ಚಿಕ್ಕೋಡಿ ಆಯಿತು, ಅಥಣಿ ಆಯಿತು. ಹುಡುಗ ಸೊಸೆ ಹುಡುಕುತ್ತಿದ್ದಾನೆ ಅಂತ ಅಪ್ಪನಿಗೆ ಖುಷಿಯೋ ಖುಷಿ. ಬಾಗಿಲು ಬಾಗಿಲಿಗೆ ಹೆಣ್ಣು ಹೆತ್ತವರು ಕಾಲು ತೊಳೆಸಿ ನಿಲ್ಲಿಸಿದರು. ಒಬ್ಬಾಕಿ ಹತ್ತಿ ತುರುಕಿಕೊಂಡು ಬಂದಳು. ಕಾಗವಾಡದ ಒಬ್ಬ ಆಯಿ ಚಪ್ಪಲಿ ತಿರುಗಿಸಿ ನೋಡಿ, “ಏ ತಮ್ಮಾ, ಇದು ಗಂಡಸರ ಚಪ್ಪಲಿ ಅಲ್ಲೇನೊ?” ಅಂದಳು.

“ಗೊತ್ತೈತಿ ಆಯಿ.”

ಆಯಿ ಅವನ ಮುಖ ನೋಡಿದಳು. ಎಲೆ ಅಡಿಕೆ ಎರಡು ಸಲ ಅಗಿದಳು. “ಹಂಗಾರ ಹೆಣ್ಣಮಕ್ಕಳ ಕಾಲ ಯಾಕ ಅಳೀತಿ? ರಾಯಬಾಗ ಬಸ್‌ಸ್ಟ್ಯಾಂಡಿಗೆ ಹೋಗು, ಅಲ್ಲಿ ಒಬ್ಬ ಹುಡುಗ ಬರಿಗಾಲಲ್ಲಿ ಅಡ್ಡಾಡ್ತಾನ.”

ರಾಯಬಾಗ. ಹಂಚ್ಯಾ ದೋಸ್ತರ ನಡುವೆ ನಿಂತಿದ್ದ. ಚಂದ್ರು ಚಪ್ಪಲಿ ತೋರಿಸಿದ. ಹಂಚಿನ ಮುಖ, “ನಂದಲ್ಲರಿ” ಅಂತು. ದೋಸ್ತರು ಹೋ ಅಂತ ನಕ್ಕರು. ಚಂದ್ರು ವಾದ ಮಾಡಲಿಲ್ಲ, ಕಟ್ಟೆ ಮೇಲೆ ಕೂತ. ಮೂರು ಬಸ್ಸು ಹೋದವು. ದೋಸ್ತರೂ ಹೋದರು. ಕತ್ತಲಾದ ಮೇಲೆ ಒಂದೇ ಕಾಲಿನ ಸದ್ದು ಬಂತು. ಕರ್... ಕರ್... ಟ್ರಂಕಿನಲ್ಲಿ ಬಚ್ಚಿಟ್ಟ ಇನ್ನೊಂದು ಚಪ್ಪಲಿ!

ಹಂಚ್ಯಾ ಮುಖವಾಡ ಒಡೆಯಲಿಲ್ಲ ದೋಸ್ತರೇ. ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡ. ಊರಿಗೆ ಮರಳಿದಾಗ ಬೇಕಾಗುತ್ತದಲ್ಲ. ಕಡೇ ಬಸ್ಸು ಹತ್ತಿದರು. ಗಂಡ-ಹೆಂಡತಿ ಆಗಿದ್ದರೆ ‘ಶಕ್ತಿ’ ಯೋಜನೆಯಲ್ಲಿ ಒಂದು ಟಿಕೀಟು ಉಳಿಯುತ್ತಿತ್ತು. ಇವರಿಗೆ ಎರಡೂ ಫುಲ್!

‘ಶುಭಂ’ ಯಾಕೆ ಬರಲಿಲ್ಲ ಅಂತೀರಾ? ಪ್ರಾಯಕ್ಕೆ ಬಂದ ಇಬ್ಬರು ಒಪ್ಪಿ ಕೂಡಿದರೆ ಅದು ಅಪರಾಧವಲ್ಲ ಅಂತ ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದು ಹೇಳಿತು. ಇಂಥವರ ಮದುವೆಗೆ ಕಾನೂನಿನ ಮುದ್ರೆ ಒತ್ತಲು 2023ರ ಅಕ್ಟೋಬರ್ 17ರಂದು ಅದೇ ಕೋರ್ಟು ಒಪ್ಪಲಿಲ್ಲ. ಹಾಗಾಗಿ ನನ್ನ ನಾಯಕರು ಇನ್ನೂ ಬಸ್ಸಿನಲ್ಲೇ ಇದ್ದಾರೆ.

ನಮ್ಮ ಸಿನಿಮಾ ಮಾತ್ರ ಇಂಥವರನ್ನು ಬಹುಕಾಲ ಕಾಮಿಡಿ ಟ್ರ್ಯಾಕಿನಲ್ಲೇ ಕೂರಿಸಿತು. ಸೊಂಟ ಬಳುಕಿಸಿದರೆ ಸಾಕು, ಥಿಯೇಟರ್ ತುಂಬ ಸಿಳ್ಳೆ. ಬೇರೆ ದಾರಿಯೂ ಉಂಟು ಅಂತ ತೋರಿಸಿದ್ದು ಬಿ.ಎಸ್. ಲಿಂಗದೇವರು ಅವರ ‘ನಾನು ಅವನಲ್ಲ... ಅವಳು’. ಅದು ಹೆಣ್ಣಾಗಿ ಬಾಳಬಯಸಿದವರ ಕತೆ, ಹಂಚ್ಯಾನದು ಬೇರೆ ಕತೆ. ಆದರೂ ಆ ಪಾತ್ರ ಮಾಡಿ ರಾಷ್ಟ್ರಪ್ರಶಸ್ತಿ ಗೆದ್ದ ಸಂಚಾರಿ ವಿಜಯ್ ಒಬ್ಬರನ್ನೂ ನಗಿಸಲು ಹೋಗಲಿಲ್ಲ. 2021ರಲ್ಲಿ ಅಪಘಾತ ಅವರನ್ನು ಕಸಿದುಕೊಂಡಿತು.

ಮುಂದಿನ ಸಲ ಪರದೆ ಮೇಲೆ ಅಂಥ ಜೋಕು ಬಂದಾಗ ಸಿಳ್ಳೆಗೆ ಬೆರಳು ಬಾಯಿಗಿಡುವ ಮೊದಲು ಪಕ್ಕದ ಸೀಟು ನೋಡ್ರಿ. ನಿಮಗಿಂತ ಜೋರಾಗಿ ನಗುತ್ತಿರುವ ದೋಸ್ತನ ತೊಡೆ ಮೇಲೆ ಒಂದು ಹಂಚು ಇದ್ದರೂ ಇರಬಹುದು. ಶೇಂಗಾ ಪೊಟ್ಟಣ ಅವನ ಕಡೆ ಸರಿಸ್ರಿ. ಮುಂದಿನ ವಾರ ಸಿಗೋಣ.