ನರ್ಸಿಂಗ್ ಒಂದೇ ದಾರಿಯಲ್ಲ

ಪಿಯುಸಿ ವಿಜ್ಞಾನ ಮುಗಿಸಿದ ಮಗಳನ್ನು ನರ್ಸಿಂಗ್‌ಗೆ ಸೇರಿಸಿದರೆ ಗಲ್ಫ್‌ನಲ್ಲಿ ಕೆಲಸ ಖಚಿತ ಎಂಬ ಮಾತು ವಲಸಿಗರ ಮನೆಗಳಲ್ಲಿ ಸಾಮಾನ್ಯ. ನರ್ಸಿಂಗ್ ಗೌರವದ ವೃತ್ತಿಯೇ. ಆದರೆ ರಾತ್ರಿ ಪಾಳಿ, ರೋಗಿಯ ನಿರಂತರ ಆರೈಕೆ ಎಲ್ಲರಿಗೂ ಒಗ್ಗುವುದಿಲ್ಲ. ಒತ್ತಾಯದಿಂದ ಸೇರಿಸಿ ಅವಳು ಅರ್ಧಕ್ಕೆ ಬಿಟ್ಟರೆ ಉಳಿಯುವುದು ಶಿಕ್ಷಣ ಸಾಲ ಮಾತ್ರ.

ಪ್ರಯೋಗಾಲಯ, ಎಕ್ಸ್‌ರೇ ಮತ್ತು ಸ್ಕ್ಯಾನಿಂಗ್, ಡಯಾಲಿಸಿಸ್, ಫಿಸಿಯೋಥೆರಪಿ, ದೃಷ್ಟಿ ತಪಾಸಣೆ ಇಲ್ಲದೆ ಯಾವ ದೊಡ್ಡ ಆಸ್ಪತ್ರೆಯೂ ನಡೆಯದು. ಇವಕ್ಕೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಯೋಜಿತ ಕಾಲೇಜುಗಳಲ್ಲೇ ಪದವಿಗಳಿವೆ. 2021ರ ಕೇಂದ್ರ ಕಾಯ್ದೆ ಇಂಥ ವೃತ್ತಿಗಳಿಗೆ ರಾಷ್ಟ್ರೀಯ ಆಯೋಗವನ್ನೂ ಒದಗಿಸಿದೆ.

ಆದರೆ ಎಚ್ಚರ ಬೇಕು. ದುಬೈ, ಸೌದಿಯಲ್ಲಿ ಪರವಾನಗಿ ಇಲ್ಲದೆ ಈ ಕೆಲಸ ಮಾಡುವಂತಿಲ್ಲ. ಪದವಿ, ಅನುಭವ ಪತ್ರಗಳನ್ನು ಅವು ಕೊಟ್ಟ ಸಂಸ್ಥೆಯನ್ನೇ ಸಂಪರ್ಕಿಸಿ ಪರಿಶೀಲಿಸುತ್ತಾರೆ. ಬ್ರಿಟನ್‌ನಲ್ಲಿ ರೇಡಿಯೋಗ್ರಾಫರ್, ಫಿಸಿಯೋಥೆರಪಿಸ್ಟ್ ಎಂದು ಹೇಳಿಕೊಳ್ಳಲೂ ಹೆಲ್ತ್ ಆ್ಯಂಡ್ ಕೇರ್ ಪ್ರೊಫೆಷನ್ಸ್ ಕೌನ್ಸಿಲ್‌ನಲ್ಲಿ ನೋಂದಣಿ ಆಗಿರಬೇಕು. ‘ವಿದೇಶದಲ್ಲಿ ಕೆಲಸ ಗ್ಯಾರಂಟಿ’ ಎನ್ನುವ ಆರು ತಿಂಗಳ ಸರ್ಟಿಫಿಕೇಟ್ ಕೋರ್ಸ್‌ಗಳು ಈ ಜರಡಿಯಲ್ಲಿ ನಿಲ್ಲುವುದಿಲ್ಲ.

ಹೊರದೇಶದಲ್ಲಿರುವ ಅಪ್ಪ, ಅಣ್ಣಂದಿರು ಇಲ್ಲಿ ನೆರವಾಗಬಹುದು. ಶುಲ್ಕದ ಹಣ ಕಳುಹಿಸುವ ಮೊದಲು ತಾವಿರುವ ದೇಶದ ಪರವಾನಗಿ ನಿಯಮವನ್ನು ಓದಲಿ. ಯಾವ ಪದವಿ, ಎಷ್ಟು ವರ್ಷದ ಅನುಭವ ಬೇಕೆಂದು ತಿಳಿದು ಮನೆಗೆ ಹೇಳಲಿ. ಏಜೆಂಟನ ಮಾತಿಗಿಂತ ಅದು ಭದ್ರ. ಅದಕ್ಕೂ ಮೊದಲು, ಓದಬೇಕಾದವಳಿಗೆ ಏನು ಇಷ್ಟ ಎಂದು ಕೇಳಲಿ. ಆ ಕೆಲಸವನ್ನು ಮುಂದಿನ ಮೂವತ್ತು ವರ್ಷ ಮಾಡಬೇಕಾದವಳು ಅವಳೇ.